ಒಂದು ಹಿಡಿ ಕೊಸರು

ಅಫ್ಜಲುನ್ನೀಸಾ ಸಂತೆಚೀಲದ ಮೂಲೆಗೆ ಮೂರು ತೊಗರಿಬೇಳೆ ಹಾಕಿ ಗಂಟು ಬಿಗಿಯುತ್ತಿದ್ದಳು. ಮೂರು ಬೇಳೆಯೆಂದರೆ ಮೂರು ಪಾವು. ಸಿರಾದ ಸಂತೆಗೆ ಸೇರು ಪಾವು ಹೋಗಿ ಕಿಲೋ ಬಂದು ಒಂದೂವರೆ ವರ್ಷವಾಗಿದ್ದರೂ ಅವಳ ಚೀಲದ ಮೂಲೆಗಳಲ್ಲಿ ಇನ್ನೂ ಪಾವುಗಳೇ ಇದ್ದವು. ಅದನ್ನು ಕಿಲೋಗೆ ತಿರುಗಿಸಿಕೊಳ್ಳುವುದು ಚೀಲ ಹೊತ್ತು ಸಂತೆಗೆ ಹೋಗುವ ಕೊಲ್ಲಾಪುರಮ್ಮನ ಪಾಡು. ಇನ್ನೊಂದು ಮೂಲೆಗೆ ಒಂದು ಒಣಮೆಣಸಿನಕಾಯಿ ಕಟ್ಟಿದಳು. ಕೊನೆಗೆ, ಒಗೆದು ಮಡಿಸಿಟ್ಟಿದ್ದ ಹಸಿರು ಗೀಟಿನ ಬಟ್ಟೆಯ ತುಂಡೊಂದನ್ನು ಚೀಲದೊಳಗೆ ಇಟ್ಟಳು. ವಾರ ವಾರ ಬಂದು, ವಾರ ವಾರ ಹೋಗುವ ಬಟ್ಟೆ ಅದು. ಇನ್ನೇನು ಬಾಗಿಲ ಪರದೆಯ ಆಚೆ, ಜಗಲಿಯ ಮೇಲೆ, "ಬೂಬಮ್ಮ, ಚೀಲ" ಅನ್ನುವ ದನಿ ಕೇಳಬೇಕು.

ಕೇಳಿದ್ದು ಪಕ್ಕದ ಮನೆಯ ಸೊಸೆ ಸಾಬೀರಾಳ ದನಿ.

"ಖಾಲಾ, ಚೀಲ ಕಟ್ಟಬೇಡಿ," ಎನ್ನುತ್ತ ಅವಳು ಪರದೆ ಸರಿಸಿ ಒಳಗೆ ಬಂದಳು. "ಕೊಲ್ಲಾಪುರಮ್ಮ ಹೋಗಿಬಿಟ್ಟಳಂತೆ. ಬೆಳಗ್ಗೆ ಅವಳ ಪಕ್ಕದ ಮನೆಯ ರಾಜಲಕ್ಷ್ಮಮ್ಮ ಕೂಗಿದರೆ ಏಳಲೇ ಇಲ್ಲವಂತೆ."

ಅಫ್ಜಲುನ್ನೀಸಾ ಕೈಯಲ್ಲಿದ್ದ ಗಂಟನ್ನು ಇನ್ನೊಂದು ಸುತ್ತು ಬಿಗಿದಳು.

"ಇವತ್ತು ಸಂತೆ ಅಲ್ಲವಾ?" ಎಂದಳು.

ಸಾಬೀರಾ ಗೂಟಕ್ಕೆ ತೂಗುಹಾಕಿದ್ದ ಬುರ್ಖಾ ತೆಗೆದು ಹಿರಿಯವಳ ಕೈಗೆ ಕೊಟ್ಟಳು.

*

ಆ ಗಲ್ಲಿಯ ಗಂಡಸರೆಲ್ಲ ಊರೂರು ಸುತ್ತುವ ಕಸುಬಿನವರು. ಅಫ್ಜಲುನ್ನೀಸಾಳ ಗಂಡ ಬಾಷಾ ಸಾಬ್ ಪಾತ್ರೆಗಳಿಗೆ ಕಲಾಯಿ ಹಾಕುವವನು. ತಿದಿ, ಇದ್ದಿಲು ಹೊತ್ತು ಮಧುಗಿರಿ, ಕೊರಟಗೆರೆ, ಪಾವಗಡ ಎಂದು ಹೊರಟರೆ ಮನೆ ಕಾಣುವುದು ಹದಿನೈದು ದಿನಕ್ಕೊಮ್ಮೆ. ಹತ್ತೂರ ಸಂತೆ ಕಂಡ ಗಂಡನಿಗೆ ತನ್ನ ಊರಿನ ಸಂತೆಯಲ್ಲಿ ಬೇಳೆ ಕೊಳ್ಳಲು ಬಿಡುವಿಲ್ಲ, ಗೋಷಾದ, ಪರದೆಯೊಳಗಿನ ಹೆಂಡತಿಗೆ ಬಿಡುವಿದ್ದರೂ ದಾರಿಯಿಲ್ಲ. ಮೂಲೆಯ ಅಂಗಡಿಯವನು ಮನೆಗೆ ತಂದುಕೊಡುವುದು ನುಸಿ ಹಿಡಿದ ಬೇಳೆ, ಕೇಳುವುದು ಹೊಸ ಬೇಳೆಯ ಬೆಲೆ.

ಹನ್ನೊಂದು ವರ್ಷದ ಕೆಳಗೆ ಕೊಲ್ಲಾಪುರಮ್ಮ ಆ ಗಲ್ಲಿಗೆ ಬೆರಕೆಸೊಪ್ಪು ಮಾರಿಕೊಂಡು ಬಂದಳು. ಹುಲಿಕುಂಟೆ ಕಡೆಯವಳು, ಗಂಡನಿಲ್ಲ, ಮಕ್ಕಳಿಲ್ಲ. ಅಂಗಡಿಯವನ ಬೇಳೆಯನ್ನು ಅಂಗೈಯಲ್ಲಿ ಹಿಡಿದು ನೋಡಿ, ಊದಿ, "ಇದನ್ನ ತಿಂತೀರಾ ನೀವು?" ಎಂದಳು. ಮುಂದಿನ ಸಂತೆಗೆ ಗಲ್ಲಿಯ ಆರು ಮನೆಯ ಚೀಲಗಳು ಅವಳ ಹೆಗಲಲ್ಲಿದ್ದವು. ಅವಳಿಗೆ ಓದಲು ಬಾರದು, ಬರೆಯಲು ಈ ಹೆಂಗಸರಿಗೂ ಬಾರದು. ಚೀಲದ ಮೂಲೆಯಲ್ಲಿ ಕಟ್ಟಿದ ಕಾಳೇ ಓಲೆ.

ಸಂತೆಯಿಂದ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತು, ಎಲೆಅಡಿಕೆ ಹಾಕಿಕೊಂಡು, ಪರದೆಗೆ ಮುಖಮಾಡಿ ಸಂತೆಯನ್ನೆಲ್ಲ ಹೇಳುತ್ತಿದ್ದಳು.

"ಕಾಳು ಕಡ್ಡಿಗೆ ಹೊತ್ತೇರೋ ಮುಂಚೆ ಹೋಗ್ಬೇಕು ಕಣ್ ಬೂಬಮ್ಮ, ಬೋಣಿ ಬುಡಕ್ಕಾಗಲ್ಲ ಅವ್ರಿಗೆ. ಸೊಪ್ಪು ತರಕಾರಿಗೆ ಹೊತ್ತಿಳಿದ ಮೇಲೆ. ಬಾಡಿದ ಬದನೆಕಾಯ್ನ ಯಾವನು ವಾಪಸ್ ಹೊತ್ಕಂಡೋಗ್ತಾನೆ? ಬೇಕಾದ್ದನ್ನ ಕಣ್ಣೆತ್ತಿ ನೋಡಬಾರ್ದು, ಪಕ್ಕದ ರಾಶಿ ಮುಟ್ಟಬೇಕು. ಅಳೆದಾದ ಮೇಲೆ ಚೀಲದ ಬಾಯಿ ಮುಚ್ಚಬಾರ್ದು. ಬಾಯಿ ತೆರಕಂಡಿರೋ ಚೀಲ ನೋಡ್ಕಂಡು ಯಾವ ಯಾಪಾರದೋನೂ ಸುಮ್ಕಿರಕ್ಕಾಗಲ್ಲ. ಪಾವಗಡದ ಕಡೆಯೋನು ಕದರಪ್ಪ ಅಂತ ಒಬ್ಬ ಅವ್ನೆ, ಅವ್ನ ಕೈಲಿ ಕೊಸರು ಹಾಕಿಸ್ಕಂಡೋಳೇ ಗಟ್ಟಿಗಿತ್ತಿ."

ಕೊಸರೆಂದರೆ, ಸೇರನ್ನು ಬಾಯಿಮಟ್ಟ ತುಂಬಿ ಅಳೆದು ಚೀಲಕ್ಕೆ ಸುರಿದ ಮೇಲೆ, ವ್ಯಾಪಾರಿ ತನ್ನ ಕೈಯಾರೆ ಮೇಲೆ ಹಾಕುವ ಒಂದು ಹಿಡಿ. ಅದು ಲೆಕ್ಕಕ್ಕೆ ಸೇರಿದ್ದಲ್ಲ. ಆದರೆ ಅದಿಲ್ಲದಿದ್ದರೆ ಕೊಂಡ ಹಾಗೂ ಅಲ್ಲ.

ಹೀಗೆ ಕೇಳಿ ಕೇಳಿ, ಕಾಣದ ಸಂತೆ ಅಫ್ಜಲುನ್ನೀಸಾಳಿಗೆ ಅಂಗೈ ಗೆರೆಯಾಗಿತ್ತು. "ನಿನಗೇನು ಕೂಲಿ ಕೊಡಲಿ ಅಕ್ಕ?" ಎಂದು ಮೊದಲ ದಿನವೇ ಕೇಳಿದ್ದಳು. "ಕೂಲಿ ಯಾಕೆ ಬುಡಿ, ಸಂತೆ ಅಂದ್ರೆ ನನ್ನ ಕಾಲೇ ನಿಲ್ಲಲ್ಲ," ಎಂದು ಕೊಲ್ಲಾಪುರಮ್ಮ ಎದ್ದು ಹೋಗಿದ್ದಳು.

*

ಗಲ್ಲಿಯ ಕೊನೆಯಲ್ಲಿ, ಐವತ್ತು ಹೆಜ್ಜೆಗೆ, ಕೊಲ್ಲಾಪುರಮ್ಮನ ಗುಡಿಸಲು. ಹನ್ನೊಂದು ವರ್ಷದಲ್ಲಿ ಅಫ್ಜಲುನ್ನೀಸಾ ಅದನ್ನು ಕಂಡದ್ದು ಇದೇ ಮೊದಲು.

ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಹಣೆಗೆ ವಿಭೂತಿ ಬಳಿದಿದ್ದರು. ಅವಳ ಹಳೆಯ ನೀಲಿ ಸೀರೆಯ ಮೇಲೆ ಬಿಳಿಯ ಬಟ್ಟೆ ಹೊದಿಸಿದ್ದರು. ತಲೆದೆಸೆಯಲ್ಲಿ ದೀಪ. ಸಂತೆಗೆಂದು ಹುಲಿಕುಂಟೆಯಿಂದ ಮೊದಲ ಬಸ್ಸಿಗೆ ಬಂದಿದ್ದ ಅವಳ ಅಣ್ಣನ ಮಗ ಚಿಕ್ಕರಂಗಯ್ಯ ಬಿದಿರು ಕಟ್ಟುವುದನ್ನು ನೋಡಿಕೊಳ್ಳುತ್ತಿದ್ದ. ದವಸದ ಅಂಗಡಿಯ ಅಡವಯ್ಯ ಗೋಡೆಗೊರಗಿ ಕೂತಿದ್ದ. ಸಂತೆಯ ದಿನವಾದರೂ ಅಂಗಡಿಗೆ ಬೀಗ ಹಾಕಿ ಬಂದಿದ್ದ, ಹೆಣ ಎತ್ತುವ ತನಕ ತೆಗೆಯುವುದಿಲ್ಲವೆಂದು.

ಪಕ್ಕದ ಮನೆಯ ರಾಜಲಕ್ಷ್ಮಮ್ಮ ಸತ್ತವಳ ಕಾಲ ಹೆಬ್ಬೆರಳುಗಳಿಗೆ ದಾರ ಕಟ್ಟುತ್ತ ಮಾತಾಡುತ್ತಿದ್ದಳು.

"ನೆನ್ನೆ ಸಂಜೆ ನಮ್ಮ ಹಿತ್ತಲಾಗೆ ದಂಟಿನ ಸೊಪ್ಪು ಕಿತ್ಕಂಡೋದ್ಲು. 'ನಾಳೆ ಸಂತೆ ಕಣೆ, ಬೇಗ ಕೂಗು' ಅಂದ್ಲು. ಕೂಗಿದ್ನಲ್ಲ, ಏಳ್ಬೇಕಾಗಿತ್ತಪ್ಪ."

"ನೋವು ಗೀವು ಅಂದಿದ್ಲಾ?" ಎಂದ ಚಿಕ್ಕರಂಗಯ್ಯ.

"ಅವ್ಳಾ? ಕಾಲು ನೋವು ಅಂದ್ರೆ ಚೀಲ ಕೊಡಲ್ಲ ಅಂತ ಹೆದರ್ಕಳೋಳು. ಈ ಹೊತ್ತಿಗೆ ಯಮನ ಹತ್ರನೂ ನಿಂತ್ಕಂಡಿರ್ತಾಳೆ ನೋಡು, 'ಆಯಸ್ಸು ಅಳೆದಿದ್ದಾಯ್ತು, ಕೊಸರು ಹಾಕಪ್ಪ ಎಲ್ಡು ದಿನ' ಅಂತ."

ಕೂತಿದ್ದ ಹೆಂಗಸರು ನಕ್ಕರು. ನಕ್ಕು, ಸೆರಗು ಬಾಯಿಗೆ ಒತ್ತಿಕೊಂಡರು.

ಅಫ್ಜಲುನ್ನೀಸಾ ನಗಲಿಲ್ಲ. ಕೊಸರೆಂಬ ಮಾತು ಕಿವಿಗೆ ಬಿದ್ದ ಕೂಡಲೇ ಬುರ್ಖಾದ ಒಳಗೆ ಅವಳ ಎರಡು ಕೈಗಳೂ ಒಂದನ್ನೊಂದು ಹಿಡಿದುಕೊಂಡವು.

*

ಕಿಲೋ ಬರುವುದಕ್ಕೆ ನಾಲ್ಕು ವರ್ಷ ಮುಂಚಿನ ಮಾತು. ಅವತ್ತು ಪರದೆಯ ಹರುಕಿನಿಂದ ಅಫ್ಜಲುನ್ನೀಸಾ ಸುಮ್ಮನೆ ಆಚೆ ನೋಡಿದಳು. ಚೀಲ ಒಳಗೆ ಕೊಟ್ಟಾದ ಮೇಲೆ ಕೊಲ್ಲಾಪುರಮ್ಮ ಜಗಲಿಯಲ್ಲಿ ಕೂತು ತನ್ನ ಮಡಿಲು ಬಿಚ್ಚಿದ್ದಳು. ಅದರಲ್ಲಿ ಬೇಳೆ, ಹೆಸರುಕಾಳು, ಅಲಸಂದೆ, ಅಕ್ಕಿ, ಎಲ್ಲ ಕಲಸುಮೇಲೋಗರವಾಗಿ ಎರಡು ಬೊಗಸೆಯಷ್ಟು. ಕಲ್ಲು ಹೆಕ್ಕುತ್ತಿದ್ದಳು.

ಆ ತಿಂಗಳು ಬಾಷಾ ಸಾಬ್ ಬಂದಿರಲಿಲ್ಲ. ಮನೆಯಲ್ಲಿ ಡಬ್ಬಗಳ ತಳ ಕಾಣುತ್ತಿತ್ತು. ಹೊಟ್ಟೆ ಬರಿದಾದಾಗ ಕಣ್ಣು ಊರಗಲವಾಗುತ್ತದೆ.

"ಅಕ್ಕ, ನಮ್ಮ ಬೇಳೆ ನಿನ್ನ ಮಡಿಲಿಗೆ ಹೆಂಗೆ ಬಂತು?"

ಕೊಲ್ಲಾಪುರಮ್ಮ ತಲೆಯೆತ್ತಿದಳು. "ಕೊಸರು ಕಣ್ ಬೂಬಮ್ಮ. ಎಲ್ಲಾರ ಮನೇದೂ ಐತೆ."

"ಕಾಸು ನಮ್ಮದು. ಕೊಸರು ನಿನ್ನದು ಹೆಂಗಾಗುತ್ತೆ?"

"ಸೇರಿಗೆ ಕಾಸು ನಿಮ್ದು. ಕೊಸರಿಗೆ ಬಾಯಿ ನಂದು," ಎಂದಳು ಕೊಲ್ಲಾಪುರಮ್ಮ. ಸಿಟ್ಟಿನಿಂದಲ್ಲ, ದಾರಿ ಕೇಳಿದವರಿಗೆ ದಾರಿ ಹೇಳುವ ಹಾಗೆ.

"ಕಾಸಿಲ್ಲದ ಬಾಯಿಗೆ ಯಾರು ಕೊಡ್ತಾರೆ? ಕೇಳದೆ ತಗೊಂಡರೆ ಅದಕ್ಕೊಂದು ಹೆಸರಿದೆ ಅಕ್ಕ."

ಆ ಹೆಸರನ್ನು ಅಫ್ಜಲುನ್ನೀಸಾ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕೊಲ್ಲಾಪುರಮ್ಮ ಮಡಿಲಲ್ಲಿದ್ದುದನ್ನೆಲ್ಲ ಪರದೆಯ ಕೆಳಗೆ, ಹೊಸ್ತಿಲ ಮೇಲೆ ಸುರಿದಳು. "ನಿಮ್ದು ಆರಿಸ್ಕಳಿ," ಎಂದು ಎದ್ದು ಹೋದಳು.

ಸಂಜೆಯ ತನಕ ಅಫ್ಜಲುನ್ನೀಸಾ ಆರಿಸಿದಳು. ಬೇಳೆ ಒಂದು ಕಡೆ, ಹೆಸರು ಒಂದು ಕಡೆ. ಆದರೆ ತನ್ನ ಮನೆಯ ಬೇಳೆ ಯಾವುದು, ಸಾಬೀರಾಳ ಮನೆಯದು ಯಾವುದು? ಕಾಳಿನ ಮೇಲೆ ಯಾರ ಹೆಸರೂ ಇರಲಿಲ್ಲ.

ಮುಂದಿನ ಸಂತೆಗೆ ಕೊಲ್ಲಾಪುರಮ್ಮ ಬರುವುದಿಲ್ಲ ಎಂದುಕೊಂಡಿದ್ದಳು. ಬಂದಳು. ಚೀಲದ ಜೊತೆ ಹಸಿರು ಗೀಟಿನ ಬಟ್ಟೆಯಲ್ಲಿ ಕಟ್ಟಿದ ಒಂದು ಪುಟ್ಟ ಗಂಟು ಪರದೆಯ ಕೆಳಗಿಂದ ಒಳಗೆ ಬಂತು.

"ಇದು ನಿಮ್ ಕೊಸರು ಬೂಬಮ್ಮ. ಬಟ್ಟೆ ಮಾತ್ರ ವಾಪಸ್ ಕೊಡಿ, ನಂಗಿರೋದು ಅದೊಂದೇ."

ಆಮೇಲೆ ಎಂದಿನಂತೆ ಕಾಲು ಚಾಚಿ, ಸಂತೆಯಲ್ಲಿ ಎಮ್ಮೆ ಬೆಲ್ಲದ ಅಂಗಡಿಗೆ ನುಗ್ಗಿದ ಕತೆ ಹೇಳಿದಳು. ಅಫ್ಜಲುನ್ನೀಸಾಳಿಗೆ ಅನ್ನಬೇಕೆನಿಸಿತು: ಅಕ್ಕ, ಇದು ನಿನ್ನದೇ, ತಗೊಂಡು ಹೋಗು. ಮಾತು ನಾಲಿಗೆಯ ತುದಿಗೆ ಬಂತು. ಮುಂದಿನ ವಾರ ಹೇಳೋಣ ಎಂದುಕೊಂಡಳು. ಮುಂದಿನ ವಾರವೂ ಹಾಗೇ ಅಂದುಕೊಂಡಳು. ಗಂಟು ಬರುತ್ತಲೇ ಇತ್ತು. ಹೇಳದೆ ಉಳಿದ ಮಾತು ದಿನ ಕಳೆದಂತೆ ಹುಣಸೆಹಣ್ಣಿನ ಹಾಗೆ, ಕಪ್ಪಾಗುತ್ತದೆ, ಗಟ್ಟಿಯಾಗುತ್ತದೆ.

*

"ಯಮ ಎಲ್ಲಿ ಕೊಸರು ಹಾಕ್ತಾನೆ ಬುಡಮ್ಮ," ಎಂದ ಗೋಡೆಗೊರಗಿದ್ದ ಅಡವಯ್ಯ. "ಅವ್ನೂ ಈಗ ಕಿಲೋ ಇಟ್ಟಿರ್ತಾನೆ. ಸೇರಿದ್ದಾಗ ಕೊಸರಿತ್ತು. ತಕ್ಕಡಿ ಮುಳ್ಳು ಬಂದ್ಮೇಲೆ ಎಲ್ಲಿ? ಒಂದೂವರೆ ವರ್ಷ ಆಯ್ತು, ನಾನಂತೂ ಒಬ್ರಿಗೂ ಒಂದು ಕಾಳು ಹಾಕಿಲ್ಲ. ಸಂತೇಲಿ ಯಾರೂ ಹಾಕಲ್ಲ."

"ಕೊಲ್ಲಾಪುರಮ್ಮನಿಗೆ ಹಾಕ್ತಿದ್ರಲ್ಲ?" ಎಂದಳು ಅಫ್ಜಲುನ್ನೀಸಾ. ಬುರ್ಖಾದ ಒಳಗಿಂದ ಬಂದ ದನಿಗೆ ಎಲ್ಲರೂ ತಿರುಗಿ ನೋಡಿದರು.

"ಇಲ್ಲ ಬೂಬಮ್ಮ. ಎರಡು ವಾರ ನನ್ನ ಹತ್ರ ಜಗಳ ಆಡಿದ್ಲು. ಆಮೇಲೆ ಕೇಳೋದು ಬಿಟ್ಲು. ಆದ್ರೆ ಪ್ರತಿ ಸಂತೆಗೂ ಎಲ್ಲಾ ಚೀಲ ಆದ್ಮೇಲೆ ಒಂದು ಹಸಿರು ಗೀಟಿನ ಬಟ್ಟೆ ತೆಗೆಯೋಳು. 'ಇದ್ಕೊಂದು ಹಿಡಿ ತೂಗಪ್ಪ' ಅನ್ನೋಳು. ಸೊಪ್ಪು ಮಾರಿದ ಕಾಸು ಎಲೆಅಡಿಕೆ ಚೀಲದಿಂದ ತೆಗೆದು ಕೊಡೋಳು. 'ಯಾರಿಗಮ್ಮ ಇದು?' ಅಂತ ಒಂದ್ಸಲ ಕೇಳ್ದೆ. 'ಒಂದ್ ಮನೇಲಿ ಹಿಂದೆ ಒಂದು ಅನುಮಾನ ಬಂದಿತ್ತು ಕಣಪ್ಪ. ಈಗ ಅದು ಮಲಗೈತೆ. ಎಬ್ಬಿಸೋದು ಬ್ಯಾಡ' ಅಂದ್ಲು. ಯಾರ ಮನೆ ಅಂತ ಹೇಳಲಿಲ್ಲ."

ಸಾಬೀರಾ ಒಬ್ಬಳು ಮೆಲ್ಲಗೆ ಅಫ್ಜಲುನ್ನೀಸಾಳ ಕಡೆ ನೋಡಿ, ಮತ್ತೆ ನೆಲ ನೋಡಿದಳು. ಹಗ್ಗದ ಮೇಲೆ ಒಣಗಲು ಹಾಕಿದ ಆ ಬಟ್ಟೆಯನ್ನು ಅವಳು ವಾರ ವಾರ ಕಂಡವಳು.

ಒಳಗೆ ಹೋಗಿದ್ದ ರಾಜಲಕ್ಷ್ಮಮ್ಮ ಬರಿಗೈಯಲ್ಲಿ ಹೊರಗೆ ಬಂದಳು.

"ಬಾಯಿಗೆ ಅಕ್ಕಿ ಹಾಕಬೇಕು, ಮನೇಲಿ ಒಂದು ಅಕ್ಕಿಕಾಳಿಲ್ಲ ಕಣಪ್ಪ. ರಾಗಿಹಿಟ್ಟು ಐತೆ, ಒಂದಿಷ್ಟು ಉಪ್ಪು ಐತೆ."

"ನಮ್ಮ ಅಂಗಡಿ ಹಿತ್ತಲ ಬಾಗಿಲಿಂದ ತಂದ್ಕೊಡ್ತೀನಿ," ಎಂದು ಅಡವಯ್ಯ ಏಳಹೋದ.

"ಬೇಡ," ಎಂದಳು ಅಫ್ಜಲುನ್ನೀಸಾ. "ನಾನು ತರ್ತೀನಿ."

"ನಿಮ್ಮನೆಯಿಂದಲಾ ಬೂಬಮ್ಮ?" ಎಂದ ಅಡವಯ್ಯ.

"ಸಂತೆಯಿಂದ."

ಚಿಕ್ಕರಂಗಯ್ಯ ಆಕಾಶ ನೋಡಿದ. "ಗುಂಡಿ ತೋಡ್ತಾ ಅವ್ರೆ ಕಣಮ್ಮ. ಹೊತ್ತು ನೆತ್ತಿಗೆ ಬರೋ ಮುಂಚೆ ಎತ್ತಬೇಕು. ಅಷ್ಟರೊಳಗೆ ಬರ್ತೀರಾ?"

"ಬರ್ತಾರೆ ಬುಡು," ಎಂದಳು ರಾಜಲಕ್ಷ್ಮಮ್ಮ. "ಹನ್ನೊಂದು ವರ್ಷ ಇವ್ಳು ಅವ್ರ ಚೀಲ ಹೊತ್ಲು. ಇವತ್ತೊಂದಿನ ಅವ್ರು ಇವ್ಳ ಚೀಲ ಹೊರ್ಲಿ."

*

ಮನೆಯಿಂದ ಆ ಚೀಲ ತೆಗೆದುಕೊಂಡು ಸಂತೆಯ ಬಾಯಿಗೆ ಬಂದಾಗ ಸಾಬೀರಾ ಹಿರಿಯವಳ ತೋಳು ಬಿಗಿಯಾಗಿ ಹಿಡಿದುಕೊಂಡಳು. ಅಫ್ಜಲುನ್ನೀಸಾ ನಿಲ್ಲಲಿಲ್ಲ. ಬೇವಿನ ಮರದ ಕೆಳಗೆ ಹುಣಸೆಹಣ್ಣು ಇರಬೇಕು, ಇತ್ತು. ಅಲ್ಲಿಂದ ಬಲಕ್ಕೆ ಬೆಲ್ಲ, ನೊಣಗಳ ಸಮೇತ. ಬಳೆಗಾರರ ಸಾಲು ದಾಟಿದರೆ ದವಸದ ರಾಶಿಗಳು. ಹನ್ನೊಂದು ವರ್ಷ ಕಿವಿಯಲ್ಲಿ ನಡೆದ ದಾರಿಯನ್ನು ಇವತ್ತು ಕಾಲಲ್ಲಿ ನಡೆದಳು.

ಹೊಂಗೆಮರದ ಕೆಳಗೆ, ಎತ್ತಿನ ಗಾಡಿಗೆ ಬೆನ್ನು ಕೊಟ್ಟು, ಒಣಕಲು ಮೈಯ ಕದರಪ್ಪ ಕೂತಿದ್ದ. ಮುಂದೆ ಹುರುಳಿ, ನವಣೆ, ಬಾವಿ ನೀರಿನಲ್ಲಿ ಬೆಳೆದ ದಪ್ಪಕ್ಕಿ. ಪಾವಗಡದ ಕಡೆಯ ರಾಯಚರ್ಲಿನಿಂದ ಬೆಳಗ್ಗೆ ಬಂದಿಳಿದವನಿಗೆ ಊರಿನ ಸಾವಿನ ಸುದ್ದಿ ಮುಟ್ಟಿರಲಿಲ್ಲ.

ಬೇಕಾದ್ದನ್ನು ನೋಡಬಾರದು, ಪಕ್ಕದ ರಾಶಿ ಮುಟ್ಟಬೇಕು. ಅಫ್ಜಲುನ್ನೀಸಾ ಬಗ್ಗಿ ಹುರುಳಿ ಮುಟ್ಟಿದಳು.

"ಏಂ ಕಾವಾಲಮ್ಮಾ? ಹುರುಳಿ ಬೇಕಾ?" ಎಂದ ಕದರಪ್ಪ, ತೆಲುಗು ಬೆರೆಸಿ.

"ಬೇಡ," ಎಂದಳು ಸತ್ಯವಾಗಿ. "ಅರ್ಧ ಕಿಲೋ ಅಕ್ಕಿ."

ಸಾಬೀರಾ ತೋಳು ಚಿವುಟಿದಳು. ಕದರಪ್ಪ ಅವರಿಬ್ಬರನ್ನೂ ನೋಡಿ, ಹೊಸ ಗಿರಾಕಿಗಳು ಎಂದು ಲೆಕ್ಕ ಹಾಕಿ, ಅಕ್ಕಿಗೆ ಅರ್ಧಾಣೆ ಹೆಚ್ಚಿಗೇ ಹೇಳಿದ. ಅವಳು ಚೌಕಾಸಿ ಮಾಡಲಿಲ್ಲ. ಅವಳು ಬಂದದ್ದು ಅದಕ್ಕಲ್ಲ. ಅವನು ಅರ್ಧ ಕಿಲೋ ಕಲ್ಲಿಟ್ಟು, ಒಂದು ಎನ್ನುವ ಬದಲು "ಲಾಭ" ಎಂದು ಎಣಿಸಿ ತೂಗಿ, ಮುಳ್ಳು ಸಮಕ್ಕೆ ನಿಂತ ಮೇಲೆ ಚೀಲಕ್ಕೆ ಸುರಿದ. ಅಫ್ಜಲುನ್ನೀಸಾ ಚೀಲವನ್ನು ಸಾಬೀರಾಳ ಕೈಗೆ ಕೊಟ್ಟು, ಹಸಿರು ಗೀಟಿನ ಬಟ್ಟೆಯನ್ನು ಅಂಗೈ ಮೇಲೆ ಹರಡಿ ಮುಂದೆ ಚಾಚಿದಳು.

"ಕೊಸರು."

"ಕಿಲೋಕಿ ಕೊಸರು ಲೇದಮ್ಮಾ. ಮುಳ್ಳು ನೋಡಿದ್ರಲ್ಲ, ಸಮಕ್ಕೆ ಸಮ."

ಅವಳು ಕದಲಲಿಲ್ಲ. ಹಿಂದೆ ನಿಂತಿದ್ದವನೊಬ್ಬ, "ಜರುಗಿ ಬೂಬಮ್ಮ, ನಮಗೂ ಹೊತ್ತಾಗುತ್ತೆ," ಎಂದ.

"ಖಾಲಾ," ಎಂದು ಸಾಬೀರಾ ಪಿಸುಗುಟ್ಟಿದಳು, "ಸತ್ತವಳ ಬಾಯಿಗೆ ಅಂತ ಹೇಳಿ. ಕೊಟ್ಟುಬಿಡ್ತಾನೆ."

ಅಫ್ಜಲುನ್ನೀಸಾ ತಲೆಯಾಡಿಸಿದಳು. ಹೇಳಿದರೆ ಅವನು ಒಂದು ಹಿಡಿಯಲ್ಲ, ಒಂದು ಮೊರ ಕೊಟ್ಟಾನು. ಅದು ದಾನವಾಗುತ್ತದೆ, ಕೊಸರಾಗುವುದಿಲ್ಲ. ನೆರಳು ಗಾಡಿಯ ಚಕ್ರದ ಬುಡಕ್ಕೆ ಸರಿಯುತ್ತಿತ್ತು. ಚಾಚಿದ ಕೈಯನ್ನು ಇನ್ನಷ್ಟು ಮುಂದಕ್ಕೆ ಒಡ್ಡಿದಳು.

"ಮುಳ್ಳು ಕೊಡೋದು ಕೊಟ್ಟಾಯ್ತು," ಎಂದಳು. "ನೀವೇನು ಕೊಟ್ರಿ?"

ಕದರಪ್ಪ ಕತ್ತೆತ್ತಿದ. "ಏಮಂಟಿವಿ?"

"ಅಕ್ಕಿಗೆ ಕಾಸು ಕೊಟ್ಟಿದೀನಿ. ಕೊಸರಿಗೆ ಬಾಯಿ ತಂದಿದೀನಿ."

ಅವನು ಇದ್ದ ನಾಲ್ಕು ಹಲ್ಲು ಕಾಣುವಂತೆ ನಕ್ಕ. "ಈ ಮಾತು ಆ ಕೊಲ್ಲಾಪುರಮ್ಮದು ಗದಾ! ನಿಮಗ್ಯಾರು ಹೇಳ್ಕೊಟ್ರು? ಎಲ್ಲಿ ಆಯಮ್ಮ, ಇವತ್ತು ಕಾಣಲೇ ಇಲ್ಲ?"

"ಮನೇಲಿದಾಳೆ. ನನ್ನ ಕಳಿಸಿದಾಳೆ."

"ನಿಮ್ಮಂಥೋರು ಇನ್ನೊಬ್ಬರು ಬಂದ್ರೆ ನಾನು ಗಾಡಿ ಎತ್ತು ಮಾರ್ಬೇಕಾಗುತ್ತೆ." ಗೊಣಗುತ್ತ ರಾಶಿಗೆ ಕೈ ಹಾಕಿ, ಬೆರಳ ಸಂದಿಯಿಂದ ಉದುರುವಷ್ಟು ಒಂದು ಹಿಡಿ ತುಂಬಿ ಬಟ್ಟೆಯ ಮೇಲೆ ಹಾಕಿದ. "ಹೇಳಿ ಆಯಮ್ಮಂಗೆ, ಮುಂದಿನ ಸಂತೆಗೆ ತಾನೇ ಬರಲಿ ಅಂತ. ಜಗಳ ಆಡದೆ ಬಾಯಿ ಚಪ್ಪೆಯಾಗಿದೆ."

ಅಫ್ಜಲುನ್ನೀಸಾ ಗಂಟು ಕಟ್ಟಿದಳು. ಬರುವಾಗ ದಾರಿಯುದ್ದಕ್ಕೂ ಬುರ್ಖಾದ ಒಳಗೆ ಏನಾಯಿತೋ ಪಕ್ಕದಲ್ಲಿದ್ದ ಸಾಬೀರಾಳಿಗೂ ಕಾಣಲಿಲ್ಲ.

*

ಚಟ್ಟ ಸಿದ್ಧವಾಗಿತ್ತು. ಚಿಕ್ಕರಂಗಯ್ಯ ಬಾಗಿಲಲ್ಲೇ ನಿಂತು ದಾರಿ ನೋಡುತ್ತಿದ್ದ. ರಾಜಲಕ್ಷ್ಮಮ್ಮ ಅರ್ಧ ಕಿಲೋ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡಳು. ಚಿಕ್ಕರಂಗಯ್ಯ ಮೊದಲು, ಅಡವಯ್ಯ ಆಮೇಲೆ, ಗಲ್ಲಿಯವರು ಒಬ್ಬೊಬ್ಬರಾಗಿ ಮೊರದಿಂದ ಅಕ್ಕಿ ತೆಗೆದು ಅವಳ ಬಾಯಿಯ ಮೇಲೆ ಹಾಕಿ ಕೈಮುಗಿದರು.

ಅಫ್ಜಲುನ್ನೀಸಾಳ ಸರದಿ ಬಂದಾಗ ರಾಜಲಕ್ಷ್ಮಮ್ಮ ಮೊರ ಮುಂದೆ ಹಿಡಿದಳು. ಅವಳು ಮೊರಕ್ಕೆ ಕೈಹಾಕಲಿಲ್ಲ. ಕೂತು, ಮುಖದ ಮೇಲಿನ ಪರದೆಯನ್ನು ಹಿಂದಕ್ಕೆ ಸರಿಸಿದಳು. ಅಷ್ಟು ಗಂಡಸರ ನಡುವೆ ಅವಳ ಮುಖ ತೆರೆದಿತ್ತು. ಗಂಡಸರು ಬೇರೆ ಕಡೆ ನೋಡಿದರು. ತನ್ನ ಗಂಟು ಬಿಚ್ಚಿ, ಮೂರು ಚಿಟಿಕೆ ತೆಗೆದು, ಆ ಮುಚ್ಚಿದ ತುಟಿಗಳ ಮೇಲೆ ಇಟ್ಟಳು.

"ಅಕ್ಕ, ಕದರಪ್ಪ ಹಾಕಿದ್ದು," ಎಂದಳು ಮೆಲ್ಲಗೆ.

ಉಳಿದ ಅಕ್ಕಿಯನ್ನು ಮತ್ತೆ ಗಂಟು ಕಟ್ಟಿದಳು. ಬಿಳಿಯ ಹೊದಿಕೆಯ ಅಂಚಿನಿಂದ ಹೊರಗೆ ಬಂದಿದ್ದ ನೀಲಿ ಸೆರಗಿನ ತುದಿಗೆ ಆ ಗಂಟನ್ನು ಭದ್ರವಾಗಿ ಬಿಗಿದಳು.

"ಅದೇನಮ್ಮ?" ಎಂದ ಚಿಕ್ಕರಂಗಯ್ಯ.

"ಅವಳ ಬಟ್ಟೆ. ವಾಪಸ್ ಕೊಡಬೇಕಾಗಿತ್ತು."

ನಾಲ್ವರು ಹೆಗಲು ಕೊಟ್ಟು ಎತ್ತಿದರು.

ತಮಟೆ ಮುಂದೆ ಹೋಯಿತು, ಪುರಿ ಎರಚುವವರು ಅದರ ಹಿಂದೆ. ಗಲ್ಲಿಯ ಬಾಗಿಲ ಪರದೆಗಳ ಸಂದಿಯಲ್ಲಿ ಕಣ್ಣುಗಳು ನಿಂತವು. ಬಿಳಿಯ ಬಟ್ಟೆಯೊಳಗೆ ಕೊಲ್ಲಾಪುರಮ್ಮನ ಯಾವ ಭಾಗವೂ ಕಾಣುತ್ತಿರಲಿಲ್ಲ. ಸೆರಗಿನ ತುದಿಯೊಂದು ಮಾತ್ರ ಚಟ್ಟದ ಬಿದಿರಿನಿಂದ ಕೆಳಗೆ ಇಳಿಬಿದ್ದಿತ್ತು. ಅದರ ಕೊನೆಗೆ ಹಸಿರು ಗೀಟಿನ ಗಂಟು, ಹೊತ್ತವರ ಹೆಜ್ಜೆ ಹೆಜ್ಜೆಗೂ ಅತ್ತಿತ್ತ ಆಡುತ್ತ, ಮೂಲೆ ತಿರುಗಿ, ಸಂತೆಯ ಗದ್ದಲದೊಳಕ್ಕೆ ಹೋಯಿತು.